ಜೊತೆಗಿದ್ದವರ ಮೇಲೆಯೇ ಸೂಪರ್‌ವೈಸರ್ ಆದಾಗ

ಆರು ವರ್ಷ ಪಕ್ಕದ ಮೆಷಿನ್‌ನಲ್ಲಿ ಕುಳಿತವರಿಗೇ ಈಗ ಸೂಪರ್‌ವೈಸರ್ ಆಗಿದ್ದೀರಿ, ಏನು ಮಾಡಬೇಕು, ಏನು ಮಾಡಬಾರದು ಎಂದು ಕೇಳಿದ್ದೀರಿ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ನಾನೂ ಟೈಲರ್ ಆಗಿದ್ದು ಲೈನ್ ಸೂಪರ್‌ವೈಸರ್ ಆದವಳು. ನನ್ನ ಕೈಯಿಂದಲೇ ಆದ ತಪ್ಪನ್ನು ಹೇಳುತ್ತೇನೆ.

ಸೂಪರ್‌ವೈಸರ್ ಆದ ಎರಡನೆಯ ತಿಂಗಳು. ಗಂಟೆ ಗಂಟೆಗೂ ಎಷ್ಟು ಪೀಸ್ ಆಯಿತೆಂದು ಲೈನಿನ ಮುಂದಿನ ಬೋರ್ಡಿನಲ್ಲಿ ಬರೆಯಬೇಕು. ಅಂದು ಬೆಳಿಗ್ಗೆಯಿಂದಲೇ ಲೆಕ್ಕ ಹಿಂದೆ ಬಿದ್ದಿತ್ತು. ಕಾಲರ್ ಕೂಡಿಸುವ ಅಕ್ಕ ಕೈ ಎತ್ತಿದರು. 'ಆಮೇಲೆ ಹೇಳಿ, ಮೊದಲು ಪೀಸ್ ಬರಲಿ' ಎಂದು ದೂರದಿಂದಲೇ ಕೂಗಿದೆ. ಸಂಜೆ ನಾಲ್ಕಕ್ಕೆ ಚೆಕ್ಕಿಂಗ್ ಮೇಜಿನಿಂದ ಕರೆ ಬಂತು. ಕತ್ತರಿಸಿ ಕಟ್ಟಿದ ಬಟ್ಟೆಯ ಬಂಡಲ್‌ಗಳು ಅದಲುಬದಲಾಗಿ, ಅಂಗಿಯ ನೀಲಿಯೇ ಬೇರೆ, ಕಾಲರಿನ ನೀಲಿಯೇ ಬೇರೆ. ಬೆಳಿಗ್ಗೆ ಅಕ್ಕ ಹೇಳಬೇಕೆಂದಿದ್ದು ಅದನ್ನೇ. ಇನ್ನೂರಕ್ಕೂ ಹೆಚ್ಚು ಅಂಗಿಗಳ ಹೊಲಿಗೆ ಬಿಚ್ಚಬೇಕಾಯಿತು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಟ್ರಿಮ್ಮರ್ ಹಿಡಿದು, ತಲೆ ತಗ್ಗಿಸಿ ದಾರ ಬಿಚ್ಚುತ್ತ ಕುಳಿತರು. ಆ ತಗ್ಗಿದ ತಲೆ ನನಗೆ ಇಂದಿಗೂ ಮರೆತಿಲ್ಲ.

ಅದಾದ ಮೇಲೆ ಲೈನಿನಲ್ಲಿ ಯಾರೂ ಕೈ ಎತ್ತಲಿಲ್ಲ. ಸೂಜಿ ಮುರಿದರೆ ಎಲ್ಲಾ ಚೂರುಗಳನ್ನೂ ಹುಡುಕಿ ರಿಜಿಸ್ಟರ್‌ನಲ್ಲಿ ಅಂಟಿಸಿದ ಮೇಲೆಯೇ ಹೊಸ ಸೂಜಿ ಕೊಡುವುದು, ನಿಮಗೂ ಗೊತ್ತು. ಅಂಥದ್ದನ್ನೂ ಒಬ್ಬ ಹುಡುಗಿ ಹೆದರಿ ಮುಚ್ಚಿಟ್ಟಳು. ಆ ಚೂರು ಯಾವುದೋ ಮಗುವಿನ ಮೈಗೆ ಚುಚ್ಚಬಹುದಿತ್ತು. ತಪ್ಪು ಅವಳದಲ್ಲ, ನನ್ನ ಬಾಯಿಯದು ಎಂದು ನನಗೆ ಅಂದು ಅರ್ಥವಾಯಿತು.

ಟೊಯೋಟಾ ಕಾರ್ಖಾನೆಯ ಪದ್ಧತಿಯನ್ನು ತರಬೇತಿಯಲ್ಲಿ ಕೇಳಿದ್ದೆ. ದೋಷ ಕಂಡ ಕೆಲಸಗಾರ ಹಗ್ಗ ಎಳೆಯುತ್ತಾನೆ, ಮೇಲ್ವಿಚಾರಕ ಅವನಿದ್ದಲ್ಲಿಗೆ ಬರುತ್ತಾನೆ, ಅಷ್ಟರಲ್ಲಿ ಸರಿಯಾಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಇದರ ಬೇರು ಇರುವುದು ನಮ್ಮ ಬಟ್ಟೆಯ ಕಸುಬಿನಲ್ಲೇ: ಟೊಯೋಟಾ ಕಾರು ಕಂಪನಿ ಕಟ್ಟಿದವರ ತಂದೆ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಮಗ್ಗ, ನೂಲು ಹರಿದರೆ ತಾನಾಗಿ ನಿಲ್ಲುತ್ತಿತ್ತು. ನಮ್ಮಲ್ಲಿ ಹಗ್ಗವಿಲ್ಲ, ಎತ್ತಿದ ಕೈ ಇದೆ.

ಸೂಜಿಯ ವಿಷಯ ತಿಳಿದ ಮರುದಿನ, ಕಾಲರ್ ಕೂಡಿಸುವ ಅಕ್ಕನ ಮೆಷಿನ್ ಹತ್ತಿರ ಹೋಗಿ, ಸುತ್ತಲಿನವರಿಗೂ ಕೇಳಿಸುವಂತೆ ತಪ್ಪಾಯಿತು ಎಂದೆ. ಎಲ್ಲರ ಮುಂದೆ ಗದರಿದವಳು ಮರೆಯಲ್ಲಿ ಕ್ಷಮೆ ಕೇಳಿದರೆ ಅದಕ್ಕೆ ಬೆಲೆಯಿಲ್ಲ. ಆಮೇಲೆ ಯಾರು ಕೈ ಎತ್ತಿದರೂ ನಾನೇ ನಡೆದು ಹೋಗುತ್ತಿದ್ದೆ. ಏನೇ ತೊಂದರೆಯಾಗಿದ್ದರೂ ಮೊದಲು 'ಹೇಳಿದ್ದು ಒಳ್ಳೆಯದಾಯಿತು' ಎನ್ನುತ್ತಿದ್ದೆ. ಅವರು ಮತ್ತೆ ನಂಬಲು ತಿಂಗಳುಗಳೇ ಹಿಡಿದವು.

ಇನ್ನೆರಡು ಎಚ್ಚರಿಕೆ. ಇನ್‌ಚಾರ್ಜ್‌ನಿಂದ ತಿಂದ ಬೈಗುಳವನ್ನು ಲೈನಿಗೆ ಹಂಚಬೇಡಿ. ಜೊತೆಯಲ್ಲಿ ಊಟ ಮಾಡುವ ಗೆಳತಿಗೆ ಸುಲಭದ ಕೆಲಸ, ಕೇಳಿದ ದಿನ ರಜೆ ಕೊಡಲು ಶುರುಮಾಡಿದರೆ ಒಂದೇ ವಾರದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಅವಳೊಂದಿಗೆ ಊಟವನ್ನು ಮಾತ್ರ ಬಿಡಬೇಡಿ. ನಾನು ಅಧಿಕಾರ ಬಂತೆಂದು ಬೇರೆ ಕಡೆ ಕುಳಿತೆ, ಆ ಸ್ನೇಹ ಮತ್ತೆ ಮೊದಲಿನಂತಾಗಲಿಲ್ಲ.