ನೋಕಿಯಾ 6600 ಸಾಕೇ, ಟ್ರಿಯೊ 650 ಬೇಕೇ?

ಪ್ರಶ್ನೆ (2005): ಔಷಧ ಕಂಪನಿಯ ಪ್ರತಿನಿಧಿಯಾದ ನಾನು ವೈದ್ಯರ ಭೇಟಿಯ ವೇಳೆ, ವಿಳಾಸ, ಟಿಪ್ಪಣಿಗಳನ್ನು ದಿನವಿಡೀ ಬರೆದಿಟ್ಟುಕೊಳ್ಳಬೇಕು. ಈ ಎರಡರಲ್ಲಿ ಯಾವುದನ್ನು ಕೊಳ್ಳಲಿ?

ಉತ್ತರ: 2003ರಲ್ಲಿ ಬಂದ 6600 ಮೂಲತಃ ಫೋನು, ಡೈರಿಯ ಕೆಲಸ ಅದಕ್ಕೆ ಹೆಚ್ಚುವರಿ, ಟ್ರಿಯೊ ‘ಪಾಮ್’ ಎಂಬ ಅಂಗೈಯಗಲದ ಎಲೆಕ್ಟ್ರಾನಿಕ್ ಡೈರಿಗಳ ಮನೆತನದ್ದು, ಫೋನು ಅದಕ್ಕೆ ಆಮೇಲೆ ಸೇರಿದ್ದು. 6600ರಲ್ಲಿ ‘ಸಿ’ ಅಕ್ಷರಕ್ಕೆ 2ರ ಗುಂಡಿಯನ್ನು ಮೂರು ಸಲ ಒತ್ತಬೇಕಾಗುವುದರಿಂದ, ವೈದ್ಯರ ಬಾಗಿಲಲ್ಲಿ ನಿಂತು ನಾಲ್ಕು ಸಾಲು ಬರೆಯುವಷ್ಟರಲ್ಲಿ ಒಳಗಿನಿಂದ ಕರೆ ಬಂದಿರುತ್ತದೆ. ಟ್ರಿಯೊದಲ್ಲಿ ಪ್ರತಿ ಅಕ್ಷರಕ್ಕೂ ಪುಟ್ಟದಾದರೂ ಬೇರೆಯೇ ಗುಂಡಿಯಿದೆ, ಕಡ್ಡಿಯಿಂದ ಮುಟ್ಟಬಹುದಾದ 320×320 ಚುಕ್ಕಿಗಳ ಪರದೆಯಿದೆ; ಹಿಂದಿನ ಟ್ರಿಯೊ 600ರಂತಲ್ಲದೆ, ಬ್ಯಾಟರಿ ಪೂರ್ತಿ ಬರಿದಾದರೂ ಇದರಲ್ಲಿ ಬರೆದದ್ದು ಅಳಿಯುವುದಿಲ್ಲ. ಸುಮಾರು 178 ಗ್ರಾಂ ತೂಗುವ ಇದು ಅಂಗಿಯ ಜೇಬನ್ನು ಜಗ್ಗುತ್ತದೆಂಬುದು ನಿಜ. ಆದರೂ ನಿಮ್ಮ ಕೆಲಸಕ್ಕೆ ನಾನು ಟ್ರಿಯೊವನ್ನೇ ಹೇಳುತ್ತೇನೆ. ಮಾತಾಡುವುದೇ ಹೆಚ್ಚಾಗಿದ್ದರೆ 6600 ಧಾರಾಳ ಸಾಕಿತ್ತು.