ಉಪ್ಪುನೀರಿಗೆ ಇಳಿಯುವ ಅಲ್ಯೂಮಿನಿಯಂ ದೋಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಡಲಿಲ್ಲದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ದೋಣಿಯ ತುಕ್ಕಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಾರ್ಕೋನಹಳ್ಳಿ ಜಲಾಶಯದಲ್ಲಿ ಬಳಸುತ್ತಿದ್ದ 14 ಅಡಿಯ, ರಿವೆಟ್ ಹೊಡೆದ ಅಲ್ಯೂಮಿನಿಯಂ ದೋಣಿಯನ್ನು ಈಗ ಆಗಾಗ ಟ್ರೇಲರ್ ಮೇಲೆ ಉಡುಪಿ ಕಡೆಯ ಹಿನ್ನೀರಿಗೂ ಕಡಲಿಗೂ ಒಯ್ಯುತ್ತೇವೆ. ಸಿಹಿನೀರಲ್ಲಿ ವರ್ಷಗಟ್ಟಲೆ ಏನೂ ಆಗದ ದೋಣಿಯ ನೆಲಹಲಗೆಯಡಿ ಈಗ ಬಿಳಿ ಪುಡಿ, ಸೂಜಿಮೊನೆಯಷ್ಟು ಗುಂಡಿಗಳು. ಬಣ್ಣ ಹೊಡೆಸಿದರೆ ನಿಲ್ಲುತ್ತದೆಯೇ? (ಕುಣಿಗಲ್ ತಾಲ್ಲೂಕು)

ಉತ್ತರ: ಬಣ್ಣದ ಮಾತು ಆಮೇಲೆ. ಗುಂಡಿ ಬಿದ್ದಿರುವುದು ಕಡಲಿಗೆ ತಾಗುವ ಹೊರಮೈಗಲ್ಲ, ಒಳಗೆ ಹಲಗೆಯಡಿಗೆ. ಅಂದರೆ ದೋಣಿ ಕೆಟ್ಟಿದ್ದು ಕಡಲಲ್ಲಿದ್ದ ಕೆಲವು ಗಂಟೆಗಳಲ್ಲಲ್ಲ, ಊರಿಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿದ ವಾರಗಳಲ್ಲಿ.

ಗಾಳಿ ತಗುಲಿದ ಕೂಡಲೇ ಅಲ್ಯೂಮಿನಿಯಂ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಲೋಹವನ್ನು ಕಾಯುವುದು ಅದೇ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಚುಚ್ಚುತ್ತದೆ. ಗಾಳಿಯಾಡುವ ಕಡೆ ಪದರ ಮತ್ತೆ ಕೂಡಿಕೊಳ್ಳುತ್ತದೆ. ಒದ್ದೆ ಕಾರ್ಪೆಟ್, ಫೋಮು, ಕೆಸರಿನಡಿಯಲ್ಲಿ ಆಮ್ಲಜನಕ ಸಿಗದೆ ಕೂಡಿಕೊಳ್ಳುವುದಿಲ್ಲ. ಗುಂಡಿಯೊಳಗಿನ ನೀರು ದಿನೇದಿನೇ ಹುಳಿಯಾಗಿ ಆಳಕ್ಕೆ ತೋಡುತ್ತದೆ. ನೀವು ಕಂಡ ಬಿಳಿ ಪುಡಿ ಹಾಗೆ ಕರಗಿಹೋದ ಲೋಹವೇ, ಹೈಡ್ರಾಕ್ಸೈಡ್ ರೂಪದಲ್ಲಿ.

ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಲಗೆಯಡಿ ಎರಡು ಲೀಟರ್ ಉಳಿದರೆ 70 ಗ್ರಾಂ. ನೀರು ಆರಿದರೂ ಉಪ್ಪು ಹೋಗುವುದಿಲ್ಲ. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವಾಂಶ ಶೇ 35 ಇದ್ದರೂ ನೀರೆಳೆದುಕೊಳ್ಳುತ್ತದೆ. ಹಾಗಾಗಿ ಕಣ್ಣಿಗೆ ಒಣಗಿದಂತೆ ಕಂಡರೂ ಬುಡ ಸದಾ ತೇವ.

ಆದ್ದರಿಂದ ತೊಳೆಯುವ ಕ್ರಮವೇ ಮೊದಲ ಮದ್ದು. ದೋಣಿ ದಡಕ್ಕೆ ಬಂದ ದಿನವೇ, ಉಪ್ಪು ಒಣಗುವ ಮುಂಚೆ, ಶಿರಾಡಿ ಘಾಟಿ ಹತ್ತುವ ಮೊದಲೇ ತೊಳೆಯಿರಿ. ಉಪ್ಪು ಮೆತ್ತಿದ ದೋಣಿಗೆ ಟಾರ್ಪಾಲು ಬಿಗಿದು ರಾತ್ರಿಯಿಡೀ ತರುವುದು ಅತಿ ಕೆಟ್ಟ ಅಭ್ಯಾಸ. ಹಿಂಬದಿಯ ಬಿರಡೆ ತೆಗೆದು, ಮೂತಿ ಎತ್ತಿ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ನೀರು ಬಿಡಿ. ನೀರು ಒಂದೇ ಸಲ ಸುರಿಯುವುದಕ್ಕಿಂತ ಪಾಲು ಮಾಡಿ ಸುರಿಯುವುದು ಮೇಲು. ಎರಡು ಲೀಟರ್ ಕಡಲನೀರು ಉಳಿದಿರುವಾಗ 40 ಲೀಟರ್ ಒಟ್ಟಿಗೆ ತುಂಬಿಸಿ ಬಸಿದರೆ ಉಳಿಯುವ ಎರಡು ಲೀಟರಿನಲ್ಲಿ 3 ಗ್ರಾಂಗಿಂತ ಹೆಚ್ಚು ಉಪ್ಪು ಇರುತ್ತದೆ. ಅದೇ ನೀರನ್ನು 20 ಲೀಟರಿನಂತೆ ಎರಡು ಸಲ ತುಂಬಿಸಿ ಬಸಿದರೆ ಉಳಿಯುವುದು ಮುಕ್ಕಾಲು ಗ್ರಾಂ ಕೂಡ ಅಲ್ಲ. ಔಟ್‌ಬೋರ್ಡ್ ಎಂಜಿನ್ನಿಗೆ ಹತ್ತು ನಿಮಿಷ ಸಿಹಿನೀರು ಓಡಿಸಿ. ಟ್ರೇಲರಿನ ಬ್ರೇಕು, ಹಬ್ಬು, ಸ್ಪ್ರಿಂಗಿಗೂ ನೀರು ಹಾಯಿಸಿ. ವಾಷಿಂಗ್ ಸೋಡಾ, ಕಾಸ್ಟಿಕ್, ಬ್ಲೀಚಿಂಗ್ ಪೌಡರ್ ಹತ್ತಿರಕ್ಕೂ ತರಬೇಡಿ. ಕ್ಷಾರ ಆಕ್ಸೈಡ್ ಪದರವನ್ನೇ ಕರಗಿಸುತ್ತದೆ. ತಿಳಿಯಾದ ಸೋಪುನೀರು ಸಾಕು.

ಈಗಾಗಲೇ ಬಿದ್ದ ಗುಂಡಿಗಳಿಗೆ: ಹಲಗೆ, ಕಾರ್ಪೆಟ್, ಫೋಮು ಪೂರ್ತಿ ಬಿಚ್ಚಿ. ಸ್ಟೇನ್‌ಲೆಸ್ ತಂತಿಯ ಬ್ರಷ್‌ನಿಂದ ಮಾತ್ರ ಉಜ್ಜಿ. ಕಬ್ಬಿಣದ ಬ್ರಷ್ ತನ್ನ ಚೂರುಗಳನ್ನು ಲೋಹದಲ್ಲಿ ನೆಟ್ಟು ಹೊಸ ಗುಂಡಿ ಹುಟ್ಟಿಸುತ್ತದೆ. ತೊಳೆದು ಪೂರ್ತಿ ಒಣಗಿಸಿದ ಮೇಲೆ ಆಳ ಅಳೆಯಿರಿ. ತಗಡಿನ ದಪ್ಪದ ಅರ್ಧಕ್ಕಿಂತ ಕಡಿಮೆಯಿದ್ದರೆ ಎಪಾಕ್ಸಿ ತುಂಬಬಹುದು, ಕಬ್ಬಿಣದ ಪುಡಿ ಬೆರೆತ ಪುಟ್ಟಿ ಬೇಡ. ಅರ್ಧ ದಾಟಿದ್ದರೆ ತೇಪೆಯೇ ಗತಿ. ಸೋರುವ ರಿವೆಟ್ ಬದಲಿಸುವಾಗ ಅಂಗಡಿಯ ಸಾಮಾನ್ಯ ಪಾಪ್ ರಿವೆಟ್ ಹೊಡೆಸಬೇಡಿ. ಅದರ ನಡುವಿನ ಮೊಳೆ ಹೆಚ್ಚಾಗಿ ಉಕ್ಕಿನದು, ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಗಟ್ಟಿ ಅಲ್ಯೂಮಿನಿಯಂ ರಿವೆಟ್, ಇಲ್ಲವೇ ಮೊಳೆಯೂ ಅಲ್ಯೂಮಿನಿಯಮ್ಮಿನದೇ ಆದ, ತುದಿ ಮುಚ್ಚಿದ ರಿವೆಟ್ ಕೇಳಿ.

ಹಲಗೆ ಮರಳಿ ಹಾಕುವ ಮುನ್ನ ಇನ್ನೊಂದು ವಿಷಯ. ಗೆದ್ದಲು ಹಿಡಿಯದಂತೆ ತಾಮ್ರದ ಲವಣ ತುಂಬಿದ ಪ್ಲೈವುಡ್ ಅಲ್ಯೂಮಿನಿಯಂ ಮೇಲೆ ಕೂರಲೇಬಾರದು. ಬುಡದಲ್ಲಿ ಬಿದ್ದ ತಾಮ್ರದ ತಂತಿ ತುಂಡು, ನಾಣ್ಯ, ಸೀಸದ ಗುಂಡು ಕೂಡ ತಾನು ಕೂತ ಜಾಗದಲ್ಲೇ ತಗಡು ತೂತು ಮಾಡಬಲ್ಲದು. ಬುಡ ಗುಡಿಸುವುದನ್ನು ಸಣ್ಣ ಕೆಲಸವೆಂದು ಬಿಡಬೇಡಿ.

ಪ್ರಶ್ನೆ: ನಮ್ಮಲ್ಲಿರುವುದು ಬೋರ್‌ವೆಲ್ ನೀರು, ಗಡಸು. ಅದರಲ್ಲಿ ತೊಳೆದರೆ ಉಪ್ಪಿನ ಮೇಲೆ ಉಪ್ಪು ಹಾಕಿದಂತಲ್ಲವೇ? (ಮಾಲೂರು)

ಉತ್ತರ: ಅಲ್ಲ, ಆದರೆ ಕೊನೆಯ ಸುತ್ತಿಗೆ ಅದು ಬೇಡ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಬೇರೆ ಮೂಲವಿಲ್ಲದಾಗ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 2,000 ಮಿಲಿಗ್ರಾಂ ಕರಗಿದ ಲವಣ. ಕಡಲನೀರಿನಲ್ಲಿ ಇರುವುದು ಸುಮಾರು 35,000. ಹಾಗಾಗಿ ಮೊದಲ ಎರಡು ಸುತ್ತಿಗೆ ಬೋರ್ ನೀರು ಧಾರಾಳವಾಗಿ ಬಳಸಿ. ಆದರೆ 2,000ದ ನೀರು ಎರಡು ಲೀಟರ್ ಬುಡದಲ್ಲೇ ಇಂಗಿದರೆ 4 ಗ್ರಾಂ ಲವಣ ಬಿಟ್ಟುಹೋಗುತ್ತದೆ. ಚೆನ್ನಾಗಿ ತೊಳೆದು ಗಳಿಸಿದ್ದೆಲ್ಲ ಹೋಯಿತು. ಕೊನೆಯ ಸುತ್ತಿಗೆ ಶೇಖರಿಸಿದ ಮಳೆನೀರು 10 ಲೀಟರ್ ಸಾಕು. ಅದಿಲ್ಲದಿದ್ದರೆ ಸ್ಪಂಜಿನಿಂದ ಕೊನೆಯ ಹನಿಯವರೆಗೆ ಹೀರಿ ತೆಗೆಯಿರಿ.

ಪ್ರಶ್ನೆ: ವಸಂತನರಸಾಪುರದಲ್ಲಿ ನಮ್ಮದು ಫ್ಯಾಬ್ರಿಕೇಷನ್ ಶೆಡ್. ಕರಾವಳಿಗೆ 18 ಅಡಿಯ ದೋಣಿ ಕಟ್ಟಿಕೊಡಲು ಕೇಳಿದ್ದಾರೆ. ಯಾವ ಶೀಟು, ಯಾವ ಬೆಸುಗೆ ವೈರು, ಯಾವ ಬಣ್ಣ?

ಉತ್ತರ: ಹೊರಮೈಗೆ 5083 ಎಂಬ, ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹ, ಎಚ್116 ಅಥವಾ ಎಚ್321 ಹದದ್ದು (ಹದವೆಂದರೆ ಶೀಟನ್ನು ಗಟ್ಟಿ ಮಾಡಿದ ಬಗೆ). ಚೌಕಟ್ಟಿನ ಸೆಕ್ಷನ್ನುಗಳಿಗೆ 6061 ಆಗುತ್ತದೆ. ತಾಮ್ರ ಹೆಚ್ಚಿರುವ 2000 ಸರಣಿಯ ಶೀಟು ಎಷ್ಟೇ ಗಟ್ಟಿಯಿದ್ದರೂ ಕಡಲಿಗಲ್ಲ. ಮಿಲ್ ಟೆಸ್ಟ್ ಸರ್ಟಿಫಿಕೇಟ್ (ತಯಾರಿಸಿದ ಕಾರ್ಖಾನೆಯ ಪರೀಕ್ಷಾ ಪತ್ರ) ಇಲ್ಲದ ಶೀಟಿಗೆ ಕಡಿಮೆ ದರ ಹೇಳಿದರೂ ಕೊಳ್ಳಬೇಡಿ. ಕಣ್ಣಿಗೆ ಎಲ್ಲ ಅಲ್ಯೂಮಿನಿಯಮ್ಮೂ ಒಂದೇ. ವೈರು 5183 ಅಥವಾ 5356. ನಿಮ್ಮ ಶೆಡ್ಡಿನಲ್ಲಿ ಬೇರೆ ಕೆಲಸಕ್ಕಿಟ್ಟ 4043 ಇಲ್ಲಿ ಸಲ್ಲದು, ಅದರ ಸಿಲಿಕಾನ್ ಈ ಶೀಟಿನ ಮೆಗ್ನೀಸಿಯಂ ಜೊತೆ ಕೂಡಿ ಬೆಸುಗೆ ಪೆಡಸಾಗುತ್ತದೆ. ಉಕ್ಕು ಉಜ್ಜಿದ ಗ್ರೈಂಡಿಂಗ್ ಡಿಸ್ಕನ್ನು ಅಲ್ಯೂಮಿನಿಯಮ್ಮಿಗೆ ಮುಟ್ಟಿಸಬೇಡಿ. ಒಂದರ ಮೇಲೊಂದು ಕೂತ ಅಂಚುಗಳಿಗೆ ಬಿಟ್ಟುಬಿಟ್ಟು ಟಾಕಿ ಹಾಕಿದರೆ ನಡುವಿನ ಸಂದಿಯಲ್ಲಿ ಉಪ್ಪುನೀರು ಸೇರಿ ತೊಳೆಯಲೂ ಸಿಗುವುದಿಲ್ಲ. ಸುತ್ತ ಮುಚ್ಚಿದ ಬೆಸುಗೆಯಿರಲಿ. ಪ್ರತಿ ಅಡ್ಡಪಟ್ಟಿಯ ಬುಡದಲ್ಲೂ ನೀರು ಹಿಂದಕ್ಕೆ ಹರಿಯಲು ತೂತು ಬಿಡಿ.

ಬೋಲ್ಟುಗಳು 316 ಸ್ಟೇನ್‌ಲೆಸ್. ಪ್ರತಿಯೊಂದಕ್ಕೂ ನೈಲಾನ್ ಬುಷ್, ಎರಡೂ ಕಡೆ ನೈಲಾನ್ ವಾಷರ್, ಎಳೆಗಳಿಗೆ ಪಾಲಿಯುರೆಥೇನ್ ಸೀಲೆಂಟ್. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ತಾಗಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ದೊಡ್ಡ ತಗಡಿಗೆ ಸಣ್ಣ ಸ್ಟೇನ್‌ಲೆಸ್ ಬೋಲ್ಟ್ ಇದ್ದರೆ ಸವೆತ ಹಂಚಿಹೋಗುತ್ತದೆ. ದೊಡ್ಡ ಸ್ಟೇನ್‌ಲೆಸ್ ಪ್ಲೇಟಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ಇಡೀ ಏಟು ರಿವೆಟ್ಟಿನ ಮೇಲೆ ಬಿದ್ದು ಅದು ಬೇಗ ಉದುರುತ್ತದೆ.

ಬಣ್ಣ: ನೀರಿಗೆ ಇಳಿಸಿ ತೆಗೆಯುವ ದೋಣಿಯಾದರೆ 5083ನ್ನು ಬರಿಮೈಯಲ್ಲೇ ಬಿಡಿ ಎಂಬುದು ನಮ್ಮ ಸಲಹೆ. ಗೀರು ಬಿದ್ದ ಬಣ್ಣದಡಿ ನೀರು ನಿಂತು ಗುಳ್ಳೆಯೇಳುವುದು ಬರಿ ಲೋಹಕ್ಕಿಂತ ಕೆಟ್ಟದ್ದು. ನೀರಲ್ಲೇ ಕಟ್ಟಿಡುವುದಾದರೆ ಪಾಚಿ, ಚಿಪ್ಪು ತಡೆಯುವ ಬಣ್ಣ ಬೇಕೇ ಬೇಕು. ಆಗ ಗ್ರೀಸ್ ತೆಗೆದು, ಅಲ್ಯೂಮಿನಿಯಂ ಆಕ್ಸೈಡ್ ಪೇಪರಿನಿಂದ ಉಜ್ಜಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಮೇಲಿನ ಬಣ್ಣದ ಡಬ್ಬಿಯ ಮೇಲೆ ಕ್ಯೂಪ್ರಸ್ ಆಕ್ಸೈಡ್ ಎಂದಿದ್ದರೆ ವಾಪಸು ಕೊಡಿ. ಮರದ, ಫೈಬರಿನ ದೋಣಿಗೆ ಹೊಂದುವ ಆ ತಾಮ್ರದ ಬಣ್ಣ ಅಲ್ಯೂಮಿನಿಯಂ ದೋಣಿಗೆ ವಿಷ.

ಪ್ರಶ್ನೆ: ಆನೋಡ್ ಎಷ್ಟು ಬೇಕು, ಯಾವುದು? ಕೆರೆಗೂ ಕಡಲಿಗೂ ಒಂದೇ ನಡೆಯುತ್ತದೆಯೇ? (ಚಿಂತಾಮಣಿ)

ಉತ್ತರ: ಆನೋಡ್ ಎಂದರೆ ದೋಣಿಯ ಬದಲು ತಾನು ಸವೆಯುವ ಲೋಹದ ತುಂಡು. ಸಿಹಿನೀರಿಗೆ ಮೆಗ್ನೀಸಿಯಂ; ಕಡಲು, ಅಳಿವೆಗೆ ಅಲ್ಯೂಮಿನಿಯಂ ಆನೋಡ್, ಅಂದರೆ ಸತು, ಇಂಡಿಯಂ ಬೆರೆತದ್ದು. ಕೆರೆಯ ಮೆಗ್ನೀಸಿಯಂ ಆನೋಡ್ ಹಾಕಿಕೊಂಡೇ ಕಡಲಿಗಿಳಿಸಬೇಡಿ. ಅದರ ಎಳೆತ ಅತಿಯಾಗಿ ದೋಣಿಯ ಮೈಮೇಲೆ ಕ್ಷಾರ ಹುಟ್ಟುತ್ತದೆ, ಬಣ್ಣ ಏಳುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಸತುವಿನ ಆನೋಡ್ ಕೆರೆಯಲ್ಲಿ ಬಿಳಿ ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತದೆ. ಎರಡೂ ಕಡೆ ಓಡಾಡುವವರು ಅಲ್ಯೂಮಿನಿಯಂ ಆನೋಡ್ ಇಟ್ಟುಕೊಳ್ಳಿ.

14 ಅಡಿಯ ದೋಣಿಯ ನೀರಡಿಯ ಮೈ ಸುಮಾರು 6 ಚದರ ಮೀಟರ್. ಬರಿ ಅಲ್ಯೂಮಿನಿಯಮ್ಮಿಗೆ ಅದನ್ನು ಕಾಯಲು ಆನೋಡ್ ಕೊಡಬೇಕಾದ ಕರೆಂಟು ಚದರ ಮೀಟರಿಗೆ 10 ಮಿಲಿಆಂಪಿಯರ್ ಎಂದು ಲೆಕ್ಕ ಹಿಡಿದರೆ 60 ಮಿಲಿಆಂಪಿಯರ್, ವರ್ಷಕ್ಕೆ ಸುಮಾರು 525 ಆಂಪಿಯರ್ ಗಂಟೆ. ಕಿಲೋ ಆನೋಡ್ 2,000 ಆಂಪಿಯರ್ ಗಂಟೆ ಕೊಡುತ್ತದೆಂದರೆ ಬೇಕಾದದ್ದು ಕಾಲು ಕಿಲೋ ಚಿಲ್ಲರೆ. ಸ್ಟೇನ್‌ಲೆಸ್ ಭಾಗಗಳ ಎಳೆತ, ಅರ್ಧ ಸವೆದಾಗಲೇ ಬದಲಿಸುವ ನಿಯಮ ಸೇರಿಸಿ ಹಿಂಬದಿಯ ಎರಡೂ ಪಕ್ಕ ಅರ್ಧ ಅರ್ಧ ಕಿಲೋ ಕೂರಿಸಿ. ಇದು ವರ್ಷವಿಡೀ ನೀರಲ್ಲಿರುವ ದೋಣಿಯ ಲೆಕ್ಕ. ಆನೋಡಿನ ಅಡಿಯಲ್ಲಿ ಬಣ್ಣವಿದ್ದರೆ ಕೆರೆದು ಲೋಹಕ್ಕೆ ಲೋಹ ತಾಗಿಸಿ, ಆನೋಡಿಗೆ ಮಾತ್ರ ಬಣ್ಣ ಬಳಿಯಬೇಡಿ. ಟ್ರೇಲರ್ ಮೇಲೆ ಅದು ಏನೂ ಕೆಲಸ ಮಾಡುವುದಿಲ್ಲ, ನೀರಲ್ಲಿ ಮುಳುಗಿದ್ದಾಗ ಮಾತ್ರ.

ಪ್ರಶ್ನೆ: ಹೊಸ ಆನೋಡ್ ಒಂದೇ ತಿಂಗಳಲ್ಲಿ ಕರಗಿತು. ಕಳಪೆ ಮಾಲೇ? (ಕೋಲಾರ)

ಉತ್ತರ: ಮಾಲಿಗಿಂತ ಮೊದಲು ವೈರಿಂಗ್ ನೋಡಿ. ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ಪಾಸಿಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಕೂಡಿಸಿ, ಆಮೇಲೆ ರೇಂಜ್ ಇಳಿಸಿ. ಸೊನ್ನೆ ಬರಬೇಕು. ಬಾರದಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಸೊನ್ನೆಯಾಯಿತೋ ಅಲ್ಲಿ ಸೋರಿಕೆ. ಹೆಚ್ಚಾಗಿ ಅದು ಬುಡದ ನೀರೆತ್ತುವ ಪಂಪಿನ ಫ್ಲೋಟ್ ಸ್ವಿಚ್ಚಿನ ಜೋಡಣೆ, ನೀರಲ್ಲೇ ಮುಳುಗಿರುವ ಟೇಪ್ ಸುತ್ತಿದ ಗಂಟು. ಆ ಗಂಟನ್ನು ನೀರಮಟ್ಟದಿಂದ ಮೇಲಕ್ಕೆ ತಂದು ಅಂಟು ತುಂಬಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ದೋಣಿಯ ಮೈಯನ್ನೇ ನೆಗೆಟಿವ್ ತಂತಿಯಾಗಿ ಬಳಸಿದ್ದರೆ ಬಿಚ್ಚಿಸಿ, ಪ್ರತಿ ದೀಪಕ್ಕೂ ಎರಡು ತಂತಿ ಎಳೆಸಿ. ದೋಣಿ ನೀರಲ್ಲಿರುವಾಗ ದಡದ ಕರೆಂಟಿನಿಂದ ಚಾರ್ಜ್ ಮಾಡುತ್ತಿದ್ದರೆ ಅರ್ಥ್ ತಂತಿಯ ಮೂಲಕ ಪಕ್ಕದ ಕಬ್ಬಿಣದ ಕಟ್ಟೆಗೂ ನಿಮ್ಮ ಆನೋಡೇ ಕೂಲಿ ಮಾಡುತ್ತಿರುತ್ತದೆ. ಬ್ಯಾಟರಿ ಬಿಚ್ಚಿ ದಡದಲ್ಲಿಟ್ಟು ಚಾರ್ಜ್ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ದೋಣಿಯನ್ನು ದನದ ಕೊಟ್ಟಿಗೆಯ ಪಕ್ಕ, ಹೊಸ ಸಿಮೆಂಟ್ ನೆಲದ ಮೇಲೆ ಬೋರಲು ಹಾಕಬಹುದೇ? (ಗೌರಿಬಿದನೂರು)

ಉತ್ತರ: ಬೇಡ. ಹಸಿ ಸಿಮೆಂಟ್, ಸುಣ್ಣ ಎರಡೂ ತೀಕ್ಷ್ಣ ಕ್ಷಾರ. ಗಂಜಲದಲ್ಲೂ ಕ್ಲೋರೈಡ್ ಇದೆ. ನೆಲದಿಂದ ಒಂದಡಿ ಎತ್ತರಕ್ಕೆ ಮರದ ತೊಲೆ ಇಟ್ಟು, ತೊಲೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಬೋರಲು ಹಾಕಿ. ಟಾರ್ಪಾಲು ಮೈಗೆ ಅಂಟದಂತೆ ಗಳ ಕಟ್ಟಿ ಎತ್ತರಿಸಿ, ಎರಡು ಬದಿಯೂ ಗಾಳಿಗೆ ತೆರೆದಿರಲಿ.