ಟೇಪು ಹಿಡಿದು ಬಂದವರು ಹೇಳಿದ್ದೇ ಕೊನೆಯ ಮಾತಾ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 800 ಚದರಡಿ ಮನೆ. ಮೇಲೆ 400 ಚದರಡಿಯ ಆರ್‌ಸಿಸಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಅದನ್ನು ಆಸ್ತಿ ತೆರಿಗೆಯಲ್ಲಿ ಸೇರಿಸಿರಲಿಲ್ಲ, ನಿಜ. ಮೊನ್ನೆ ಒಬ್ಬರು ಬಂದು ಅಳೆದು, "ಲಕ್ಷದ ಮೇಲೆ ಆಗುತ್ತೆ ನೋಡಿ" ಎಂದು ಹೇಳಿ ಹೋದರು. ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಈಗೇನು ಮಾಡೋದು?

ಉತ್ತರ: ಬಾಯಲ್ಲಿ ಹೇಳಿದ ಮೊತ್ತಕ್ಕೆ ನೀವು ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ. ಕಾಗದ ಬರಲಿ, ಆಮೇಲೆ ನೋಡೋಣ.

ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು. ಆಗಿನಿಂದ ಲೆಕ್ಕ ಹಾಕುವವರು ನೀವು. ಕಂದಾಯ ನಿರೀಕ್ಷಕರದ್ದು ಪರಿಶೀಲಿಸುವ ಕೆಲಸ. ಅಳತೆ ತೆಗೆದು, ನೀವು ಬರೆದದ್ದಕ್ಕೂ ಅಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಅದನ್ನು ದಾಖಲಿಸಿ, ನೋಟಿಸು ಕೊಟ್ಟು, ನಿಮ್ಮ ಆಕ್ಷೇಪಣೆ ಕೇಳಿ, ಆಮೇಲೆ ಆದೇಶ ಆಗಬೇಕು. ಮನಸ್ಸಿಗೆ ಬಂದ ಮೊತ್ತ ಹೇಳಿ ಹೋಗುವ ಅಧಿಕಾರ ಯಾರಿಗೂ ಇಲ್ಲ.

ಲೆಕ್ಕವೇನೂ ಕಷ್ಟದ್ದಲ್ಲ. 2008ರಿಂದ ಇರುವುದು ಚದರಡಿಗೆ ತಿಂಗಳಿಗೆ ಇಷ್ಟು ಎನ್ನುವ ದರ, ಎ ಇಂದ ಎಫ್‌ವರೆಗೆ ಆರು ವಲಯ. ನಿಮ್ಮದು ಸಿ ವಲಯ ಅಂದುಕೊಳ್ಳಿ. 2016ರ ದರಪಟ್ಟಿಯಲ್ಲಿ ಸ್ವಂತ ವಾಸದ ಆರ್‌ಸಿಸಿ ಮನೆಗೆ 1.80 ರೂಪಾಯಿ, ಬಾಡಿಗೆ ಕೊಟ್ಟಿದ್ದರೆ 3.60. ಅಂದರೆ ಮೇಲಿನ 400 ಚದರಡಿಗೂ ಕೆಳಗಿನ 800 ಚದರಡಿಗೂ ಹೆಚ್ಚುಕಡಿಮೆ ಒಂದೇ ತೆರಿಗೆ! 400ನ್ನು 3.60ರಿಂದ, ಆಮೇಲೆ 10 ತಿಂಗಳಿಂದ (ವರ್ಷಕ್ಕೆ ಹಿಡಿಯುವುದು ಹತ್ತೇ ತಿಂಗಳ ಲೆಕ್ಕ) ಗುಣಿಸಿದರೆ 14,400. ಅದರ ಶೇ 20 ಅಂದರೆ 2,880. ಅದರ ಮೇಲೆ ಶೇ 24 ಸೆಸ್ಸು. ಒಟ್ಟು ವರ್ಷಕ್ಕೆ ಸುಮಾರು 3,570 ರೂಪಾಯಿ, ಕಟ್ಟಡದ ವಯಸ್ಸಿಗೆ ಸಿಗುವ ಸವಕಳಿ ಕಳೆಯುವ ಮೊದಲು.

ಲಕ್ಷ ಎಲ್ಲಿಂದ ಬಂತು? ಎಷ್ಟು ವರ್ಷದ ಬಾಕಿ, ಎಷ್ಟು ಬಡ್ಡಿ, ಎಷ್ಟು ದಂಡ ಎಂದು ಬಿಡಿಸಿ ಬರೆದರೆ ತಾನೇ ಗೊತ್ತಾಗೋದು. ದಂಡ ಹಿಂದೆ ವ್ಯತ್ಯಾಸದ ಎರಡರಷ್ಟಿತ್ತು, 2024ರ ತಿದ್ದುಪಡಿಯಲ್ಲಿ ಇಳಿಸಿದರು. ಅವರು ಹಳೇ ಲೆಕ್ಕದಲ್ಲೇ ಹೇಳಿದ್ದಾರೋ, ಸುಮ್ನೆ ಹೆದರಿಸಿದ್ದಾರೋ ಎನ್ನುವುದೂ ಕಾಗದ ಕೈಗೆ ಬಂದ ಮೇಲೇ ತಿಳಿಯೋದು.

ಹಾಗಂತ ಬಾಗಿಲು ಹಾಕಿಕೊಂಡು ಕೂರಬೇಡಿ. ಅಳತೆಗೆ ಬಿಡದಿದ್ದರೆ, ಬಿಡಲಿಲ್ಲ ಎಂದು ಬರೆದುಕೊಂಡು ತಮ್ಮ ಅಂದಾಜಿನಲ್ಲೇ ತೆರಿಗೆ ಕಟ್ಟಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಬಂದವರ ಗುರುತಿನ ಚೀಟಿ ನೋಡಿ, ಅಳೆಯುವಾಗ ಟೇಪಿನ ಇನ್ನೊಂದು ತುದಿ ನೀವೇ ಹಿಡಿಯಿರಿ, ಪ್ರತಿ ಅಳತೆ ಬರೆದುಕೊಳ್ಳಿ. ನೋಟಿಸು ಬಂದರೆ ಅದರಲ್ಲಿ ವಲಯ, ಚದರಡಿ, ಬಾಡಿಗೆಯಾ ಸ್ವಂತವಾ, ಛಾವಣಿ ಯಾವುದು, ಯಾವ ವರ್ಷದಿಂದ, ಇಷ್ಟೂ ಇದೆಯಾ ನೋಡಿ. ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಇನ್ನು ಆ 400 ಚದರಡಿಯನ್ನು ಈ ವರ್ಷದಿಂದಲೇ ಘೋಷಣೆಯಲ್ಲಿ ಸೇರಿಸಿಬಿಡಿ. ಅದರಲ್ಲಿ ನಿಮ್ಮ ಪರ ವಾದ ಮಾಡಲು ನನ್ನಿಂದಾಗದು.

ಪ್ರಶ್ನೆ: ವಲಯ ತಪ್ಪು ಹಾಕಿದ್ದೀರಿ ಎಂದು ಹಿಂದೆ ನಮಗೆ ನೋಟಿಸು ಬಂದಿತ್ತು. ಆದರೆ ಆನ್‌ಲೈನಿನಲ್ಲಿ ಅವರ ಸಾಫ್ಟ್‌ವೇರೇ ಆ ವಲಯವನ್ನು ತಗೊಂಡಿತ್ತಲ್ಲ! ತಪ್ಪು ಯಾರದ್ದು?

ಉತ್ತರ: ನೀವೊಬ್ಬರೇ ಅಲ್ಲ. 2016ರಲ್ಲಿ ವಲಯಗಳು ಬದಲಾದವು. ಸಾವಿರಾರು ಜನ ಹಳೇ ವಲಯದಲ್ಲೇ ಕಟ್ಟುತ್ತಾ ಬಂದರು, ವ್ಯವಸ್ಥೆ ಹಣ ತಗೊಂಡು ರಸೀದಿ ಕೊಡುತ್ತಲೇ ಇತ್ತು. ನೋಟಿಸು ಹೊರಟದ್ದು 2021ರಲ್ಲಿ. ನನ್ನ ಪ್ರಕಾರ ಇದರಲ್ಲಿ ವ್ಯತ್ಯಾಸದ ಹಣ ಕೇಳುವುದು ಸರಿ, ದಂಡ ಕೇಳುವುದು ಸರಿಯಲ್ಲ. ಐದು ವರ್ಷ ಹಣ ಎಣಿಸಿಕೊಂಡು ಸುಮ್ಮನಿದ್ದವರನ್ನು ಕೇಳುವವರೇ ಇಲ್ಲ, ಮನೆಯವರು ಮಾತ್ರ ದಂಡ ಕಟ್ಟಬೇಕು ಅಂದರೆ ಹೇಗೆ?

ಕೇಳೋಣ ಅಂದರೆ ಯಾರನ್ನು ಕೇಳೋದು? ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದಿತ್ತು. ನೋಟಿಸು ಬಂದಾಗ ಕಾರ್ಪೊರೇಟರೇ ಇರಲಿಲ್ಲ, ಇದ್ದವರು ಆಡಳಿತಾಧಿಕಾರಿ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದಾಗಲೂ ಗೆದ್ದು ಬಂದ ಸದಸ್ಯರಿಲ್ಲದೆಯೇ ಆಯಿತು. ಹೀಗಾಗಿ ಜನರ ಸಿಟ್ಟೆಲ್ಲ ಬಾಗಿಲಿಗೆ ಬರುವ ನಿರೀಕ್ಷಕರ ಮೇಲೆ. ದರ, ವಲಯ ಗೊತ್ತು ಮಾಡುವವರು ಅವರಲ್ಲ, ಪಾಪ. ಅಳತೆಗೆ ಮತ್ತು ನೋಟಿಸಿನಲ್ಲಿ ಬರೆದದ್ದಕ್ಕೆ ಮಾತ್ರ ಅವರು ಉತ್ತರ ಕೊಡಬೇಕು. ಅಷ್ಟನ್ನು ಬಿಡದೆ ಕೇಳಿ.

ಪ್ರಶ್ನೆ: "ಏನಾದ್ರೂ ನೋಡ್ಕೊಳ್ಳಿ, ಕಡಿಮೆ ಮಾಡಿಸ್ತೀನಿ" ಅಂತಾರೆ ಅಳೆಯಲು ಬಂದವರು. ಕೊಟ್ಟು ಮುಗಿಸೋಣ ಅಂತ ನಮ್ಮ ಮನೆಯವರು. (ಊರು ಬರೆದಿಲ್ಲ)

ಉತ್ತರ: ಬೇಡ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಡುವವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು, ಆಗ ಮಾತ್ರ ಬಚಾವು. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗುವುದು ಒಳ್ಳೆಯದು. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಇತ್ತಲ್ಲ ಎಂದು ಕೆಲವರು ಈಗಲೂ ಕೇಳುತ್ತಾರೆ, ಅದನ್ನು 2022ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಇನ್ನೊಂದು ಮಾತು: ಕಡಿಮೆ ಮಾಡಿಸಿಕೊಂಡ ಲೆಕ್ಕ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಅವರ ಹೆಸರಿನಲ್ಲಲ್ಲ. ಮುಂದಿನವರು ಬಂದು ಅಳೆದರೆ ಮತ್ತೆ ಮೊದಲಿಂದ.

ಪ್ರಶ್ನೆ: ನಮ್ಮದು ಹಳ್ಳಿ. ಪಕ್ಕದ ಮನೆ ನಮ್ಮ ಮನೆಯಷ್ಟೇ ಇದೆ, ಕಂದಾಯ ಮಾತ್ರ ನಮಗೆ ಜಾಸ್ತಿ. ಬಿಲ್ ಕಲೆಕ್ಟರ್‌ನ ಕೇಳಿದರೆ ಪಿಡಿಒನ ಕೇಳಿ ಅಂತಾರೆ.

ಉತ್ತರ: ಬಿಲ್ ಕಲೆಕ್ಟರ್ ವಸೂಲಿ ಮಾಡುವವರು, ಅವರ ಹತ್ತಿರ ಜಗಳ ಆಡಿ ಪ್ರಯೋಜನವಿಲ್ಲ. ಪಂಚಾಯಿತಿಯ ತೆರಿಗೆ ಬೇಡಿಕೆ ಪಟ್ಟಿಯಲ್ಲಿ ಎರಡೂ ಮನೆಯ ಅಳತೆ, ದರ ಏನು ಬರೆದಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದದೊಳಗಿರಬೇಕು, ಒಂದೇ ವಿಷಯ ಇರಬೇಕು. ಊರಿನ ಕಥೆಯೆಲ್ಲ ಬರೆಯಬೇಡಿ. ಪ್ರತಿ ವರ್ಷ ಜಮಾಬಂದಿ ನಡೆಯುತ್ತದಲ್ಲ, ಅಲ್ಲಿ ಪಂಚಾಯಿತಿ ಲೆಕ್ಕಪತ್ರಗಳನ್ನು ಜನರ ಮುಂದೆ ಇಡಬೇಕು. ಎದ್ದು ನಿಂತು ಕೇಳಲು ಅದೇ ಸರಿಯಾದ ಜಾಗ. ಹೋಗುವವರು ಕಡಿಮೆ, ಅದಕ್ಕೇ ಕೇಳಿದವರ ಮಾತಿಗೆ ತೂಕ ಜಾಸ್ತಿ.

ಪ್ರಶ್ನೆ: ಇಪ್ಪತ್ತು ವರ್ಷದ ಕಂದಾಯ ರಸೀದಿ ಇದೆ. ಸೈಟು ನಮ್ಮದೇ ತಾನೇ?

ಉತ್ತರ: ರಸೀದಿ ಹೇಳುವುದು ನೀವು ತೆರಿಗೆ ಕಟ್ಟಿದ್ದೀರಿ ಎಂದಷ್ಟೇ. ಖಾತಾ ಕೂಡ ಮಾಲೀಕತ್ವದ ಪತ್ರ ಅಲ್ಲ. ಕ್ರಯಪತ್ರ ಹುಡುಕಿ ಇಟ್ಟುಕೊಳ್ಳಿ.